‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್’ ಅಂದವರು ಯಾರು?

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಊರಿನ ದೇವಸ್ಥಾನದ ಇತಿಹಾಸ ಬರೆದಿಡೋಣ ಅಂತ ಕಳೆದ ತಿಂಗಳು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶವನ್ನು ಹುಡುಕಿ ಇಳಿಸಿಕೊಂಡೆ. ಅವತ್ತಿನಿಂದ ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಅಂತ ಮತ್ತೆ ಮತ್ತೆ ಬರುತ್ತಿದೆ. ಡೆಸ್ಕ್‌ಟಾಪಿನಲ್ಲಿ ಪೊರಕೆ ಚಿತ್ರದ ಪ್ರೋಗ್ರಾಂ ಒಂದು ತಾನಾಗಿಯೇ ಬಂದು ಕೂತಿದೆ. ಬೆಳಿಗ್ಗೆ ಆನ್ ಮಾಡಿದರೆ ಸಾಕು, ಅದೇ ಸ್ಕ್ಯಾನ್ ಶುರು ಮಾಡಿ 1,284 ದೋಷಗಳಿವೆ ಅನ್ನುತ್ತದೆ. ಸರಿ ಮಾಡಲು ವರ್ಷಕ್ಕೆ 1,999 ರೂಪಾಯಿ ಕೇಳುತ್ತಿದೆ. ಕಟ್ಟಲೋ ಬೇಡವೋ? ಮಗ ಫೋನಿನಲ್ಲಿ ‘ಫಾರ್ಮ್ಯಾಟ್ ಮಾಡಿಸಿಬಿಡಿ ಅಪ್ಪಾ’ ಅನ್ನುತ್ತಾನೆ. 120 ಪುಟ ಟೈಪ್ ಆಗಿದೆ, ಹೋದರೆ ಅಂತ ಭಯ.
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಟ್ಟಬೇಡಿ ಮೇಷ್ಟ್ರೇ. ಫಾರ್ಮ್ಯಾಟೂ ಬೇಡ. ಈ ಪುಟ ಮಡಚಿಟ್ಟು, ಮೊದಲು ಒಂದು ಪೆನ್‌ಡ್ರೈವ್‌ಗೆ ಆ 120 ಪುಟದ ಫೈಲನ್ನು ನಕಲು ಮಾಡಿ ತೆಗೆದಿಡಿ. ಆಮೇಲೆ ಬಂದು ಓದಿ.

ಆಯ್ತಾ? ನಿಮ್ಮಲ್ಲಿ ಸೇರಿಕೊಂಡಿರುವುದು ಒಂದಲ್ಲ, ಎರಡು. ಮೂಲೆಯಲ್ಲಿ ಬರುವ ಡಬ್ಬಿಯೇ ಬೇರೆ, ಪೊರಕೆ ಪ್ರೋಗ್ರಾಮೇ ಬೇರೆ. ಎರಡಕ್ಕೂ ಮದ್ದು ಬೇರೆ ಬೇರೆ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವ ಹೆಚ್ಚಿನವರು ಪೊರಕೆಯನ್ನು ತೆಗೆಸಿಕೊಂಡು ಹೋಗಿ, ಮಾರನೆಯ ದಿನ ‘ಅದೇ ಮತ್ತೆ ಬಂತಲ್ಲಮ್ಮಾ’ ಅಂತ ವಾಪಸ್ ಬರುವುದು ಇದು ಗೊತ್ತಿಲ್ಲದೆ.

ಮೊದಲು ಡಬ್ಬಿಯ ವಿಷಯ. ಮುಂದಿನ ಸಲ ಬಂದಾಗ ಕೆಂಪು ಅಕ್ಷರ ಬಿಟ್ಟು, ಅದರಲ್ಲಿರುವ ಸಣ್ಣ ಅಕ್ಷರ ಓದಿ. ‘ಗೂಗಲ್ ಕ್ರೋಮ್’ ಅಂತಲೋ ‘ಮೈಕ್ರೋಸಾಫ್ಟ್ ಎಡ್ಜ್’ ಅಂತಲೋ ಇದ್ದು, ಪಕ್ಕದಲ್ಲಿ ಯಾವುದೋ ಜಾಲತಾಣದ ವಿಳಾಸ ಇರುತ್ತದೆ. ಅಂದರೆ ನಿಮ್ಮ ಕಂಪ್ಯೂಟರ್ ಮಾತಾಡುತ್ತಿಲ್ಲ. ಒಂದು ವೆಬ್‌ಸೈಟು ಬ್ರೌಸರಿನ ಬಾಯಲ್ಲಿ ಮಾತಾಡುತ್ತಿದೆ. ಅದಕ್ಕೆ ಅಪ್ಪಣೆ ಕೊಟ್ಟವರು ನೀವೇ, ಬೇಜಾರು ಮಾಡ್ಕೋಬೇಡಿ. ನುಡಿ ಹುಡುಕುವಾಗ ಯಾವುದೋ ಪುಟ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ (Allow) ಒತ್ತಿ’ ಅಂದಿರುತ್ತದೆ. ನಿಜವಾಗಿ ಆ ಗುಂಡಿ ‘ನನ್ನ ಸೂಚನೆಗಳನ್ನು ಪರದೆಗೆ ಕಳಿಸಲು ಬಿಡುತ್ತೀಯಾ’ ಅಂತ ಬ್ರೌಸರ್ ಕೇಳಿದ್ದು. ಸುದ್ದಿ ತಾಣಗಳಿಗೆ, ಮೇಲ್‌ಗೆ ಇರುವ ಅನುಕೂಲವನ್ನೇ ಇವರು ಹೀಗೆ ಬಳಸಿಕೊಳ್ಳುತ್ತಾರೆ. ವೆಬ್‌ಪುಟಕ್ಕೆ ನಿಮ್ಮ ಡಿಸ್ಕಿನೊಳಗೆ ಇಣುಕಿ ವೈರಸ್ ಎಣಿಸುವ ಶಕ್ತಿಯೇ ಇಲ್ಲ. 5 ಅನ್ನುವುದು ಮೊದಲೇ ಬರೆದಿಟ್ಟ ಅಂಕಿ. ನಿಮಗೂ ಐದು, ನನಗೂ ಐದು.

ತೆಗೆಯುವುದು ಸುಲಭ. ಕ್ರೋಮ್‌ನ ಬಲಮೇಲ್ತುದಿಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಪ್ಪಣೆ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ಒಂದೊಂದರ ಮುಂದೆಯೂ ಮೂರು ಚುಕ್ಕಿ ಒತ್ತಿ ಬ್ಲಾಕ್ ಮಾಡಿ. ಎಡ್ಜ್ ಆದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ನೋಟಿಫಿಕೇಶನ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದೇ ಕರೆದುಕೊಂಡು ಹೋಗುತ್ತದೆ. ಮುಗಿಯಿತು. ಡಬ್ಬಿ ಬಾಯಿ ಮುಚ್ಚುತ್ತದೆ.

ಇನ್ನು ಪೊರಕೆ. ಇದು ತಾನಾಗಿ ಬಂದದ್ದಲ್ಲ. ನುಡಿಯನ್ನು ಕನ್ನಡ ಗಣಕ ಪರಿಷತ್ತು ತಯಾರಿಸಿದ್ದು, ಅವರದ್ದೇ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನೀವು ಹೋದದ್ದು ಬೇರೆಯವರ ತಾಣಕ್ಕೆ ಇರಬೇಕು. ಅಲ್ಲಿ ಒಂದೇ ಪುಟದಲ್ಲಿ ನಾಲ್ಕು ಡೌನ್‌ಲೋಡ್ ಗುಂಡಿ ಇರುತ್ತವೆ. ದೊಡ್ಡದಾಗಿ ಹಸಿರಾಗಿ ಹೊಳೆಯುವುದು ಜಾಹೀರಾತಿನದ್ದು. ಅದನ್ನು ಒತ್ತಿ, ಮುಂದೆ ಬರುವುದಕ್ಕೆಲ್ಲ ನೆಕ್ಸ್ಟ್ ನೆಕ್ಸ್ಟ್ ಅಂತ ಹೋದರೆ ಮದುವೆಗೆ ಕರೆಯದೆ ಬಂದ ನೆಂಟರ ಹಾಗೆ ಇಂಥವು ಒಳಗೆ ಬಂದು ಪಂಕ್ತಿಯಲ್ಲಿ ಕೂತುಬಿಡುತ್ತವೆ.

1,284 ದೋಷ ಅಂದಿತಲ್ಲ, ಆ ಲೆಕ್ಕ ಹೇಗೆ ಗೊತ್ತಾ? ವೆಬ್‌ಸೈಟುಗಳು ಬಿಟ್ಟುಹೋದ ಕುಕೀ ಅನ್ನುವ ಸಣ್ಣ ಗುರುತಿನ ಫೈಲ್ ಒಂದೊಂದೂ ಒಂದು ದೋಷ. ತಾತ್ಕಾಲಿಕ ಫೈಲ್ ಒಂದು ದೋಷ. ಎಂದೋ ತೆಗೆದುಹಾಕಿದ ಪ್ರೋಗ್ರಾಮಿನ ಹೆಸರು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಉಳಿದಿದ್ದರೆ ಅದೂ ದೋಷ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಲೆಕ್ಕಪತ್ರ ಬರೆದಿಡುವ ದೊಡ್ಡ ಖಾತೆ ಪುಸ್ತಕ. ಅದರಲ್ಲಿ ಹಳೆಯ ಸಾಲುಗಳು ಸಾವಿರ ಇದ್ದರೂ ಕಂಪ್ಯೂಟರ್ ನಿಧಾನ ಆಗುವುದಿಲ್ಲ. ನಾನೊಮ್ಮೆ ಹಟಕ್ಕೆ ಬಿದ್ದು, ಆಗಷ್ಟೇ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದ, ಇಂಟರ್ನೆಟ್ಟನ್ನೇ ಕಾಣದ ಮೆಷಿನ್ನಿಗೆ ಇಂಥದ್ದೊಂದನ್ನು ಪೆನ್‌ಡ್ರೈವಿನಿಂದ ಹಾಕಿ ನೋಡಿದೆ. 312 ದೋಷ ತೋರಿಸಿತು! ಇನ್ನೂ ಹಾಲು ಕುಡಿಯುವ ಮಗುವಿಗೆ ಕೀಲುನೋವು ಅಂದ ಹಾಗೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಗ್ರಾಹಕರ ಪರ ನಿಲ್ಲುವ ಫೆಡರಲ್ ಟ್ರೇಡ್ ಕಮಿಷನ್ ಅಂತ ಸರ್ಕಾರಿ ಸಂಸ್ಥೆ ಇದೆ. 2019ರಲ್ಲಿ ಅದು ಆಫೀಸ್ ಡಿಪೋ ಅನ್ನುವ ದೊಡ್ಡ ಅಂಗಡಿ ಸರಣಿಯಿಂದಲೂ ಅದಕ್ಕೆ ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಕಂಪನಿಯಿಂದಲೂ ಒಟ್ಟು 3.5 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಆರೋಪ ಓದಿದರೆ ನಗು ಬರುತ್ತದೆ. ಪುಕ್ಕಟೆ ತಪಾಸಣೆ ಅಂತ ಗ್ರಾಹಕರ ಕಂಪ್ಯೂಟರ್ ತಗೊಂಡು, ಮೊದಲು ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ನಿಧಾನ ಆಗಿದೆಯಾ, ಪಾಪ್‌ಅಪ್ ಬರುತ್ತಾ, ಇಂಥವು. ಒಂದಕ್ಕೆ ಹೌದು ಅಂದರೂ ಆಯ್ತು, ಕೊನೆಗೆ ‘ವೈರಸ್ ಲಕ್ಷಣ ಇದೆ’ ಅಂತ ಫಲಿತಾಂಶ. ನಡುವೆ ನಡೆದ ಸ್ಕ್ಯಾನಿಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ. ನಾಡಿ ಹಿಡಿಯುವ ಮೊದಲೇ ಚೀಟಿ ಬರೆದಿಟ್ಟ ಹಾಗೆ, ಅಲ್ವಾ? 2024ರಲ್ಲಿ ರೆಸ್ಟೋರೋ, ರೀಇಮೇಜ್ ಅನ್ನುವ ಎರಡು ಸೈಪ್ರಸ್ ಕಂಪನಿಗಳು ಇದೇ ಬಗೆಯ ಆರೋಪಕ್ಕೆ 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು.

ನಾನೂ ಸಾಚಾ ಅಲ್ಲ ಮೇಷ್ಟ್ರೇ. ಸಾಗರದಲ್ಲಿ ಅಂಗಡಿ ಇಟ್ಟ ಹೊಸತು. ‘ರಿಪೇರಿಯವರು ಇಲ್ವಾಮ್ಮಾ, ಯಾವಾಗ ಬರ್ತಾರೆ?’ ಅಂತ ನನ್ನನ್ನೇ ಕೇಳುತ್ತಿದ್ದ ಕಾಲ. ಬಂದ ಮೆಷಿನ್ನಿಗೆಲ್ಲ ಒಂದು ಕ್ಲೀನರ್ ಹಾಕಿ, ರಿಜಿಸ್ಟ್ರಿ ಗುಡಿಸಿ, ಗ್ರಾಹಕರಿಗೆ ಹಸಿರು ಟಿಕ್ ತೋರಿಸಿ ಕಳಿಸುತ್ತಿದ್ದೆ. ಅವರಿಗೂ ಖುಷಿ, ನನಗೂ ಐವತ್ತು ರೂಪಾಯಿ ಜಾಸ್ತಿ. ಒಂದು ಏಪ್ರಿಲ್‌ನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರ ಮೆಷಿನ್ನನ್ನು ಹಾಗೇ ಗುಡಿಸಿದೆ. ರಾತ್ರಿ ಎಂಟಕ್ಕೆ ಫೋನ್. ಪುಟ ಕಟ್ಟುವ ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಲೈಸೆನ್ಸ್ ಕೇಳುತ್ತಿದೆ. ಬೆಳಿಗ್ಗೆ ಮುನ್ನೂರು ಪತ್ರಿಕೆ ಕೊಡಬೇಕು. ಕ್ಲೀನರ್ ‘ಬೇಡದ ಸಾಲು’ ಅಂತ ಗುಡಿಸಿದ್ದರಲ್ಲಿ ಆ ಲೈಸೆನ್ಸಿನ ಸಾಲೂ ಹೋಗಿತ್ತು. ಮಧ್ಯರಾತ್ರಿ ದಾಟುವವರೆಗೆ ಕೂತು ಮತ್ತೆ ಹಾಕಿಕೊಟ್ಟೆ. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಆ ಪೊರಕೆ ಇಲ್ಲ. ರಿಜಿಸ್ಟ್ರಿ ಗುಡಿಸುವ ಸಾಫ್ಟ್‌ವೇರುಗಳನ್ನು ತಾನು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟೇ ಬರೆದು ಹಾಕಿದೆ. ನಾನು ಅದನ್ನು ಓದಿದ್ದು ಮಾತ್ರ ಆಮೇಲೆ.

ಸರಿ, ತೆಗೆಯೋಣ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆರೆಯಿರಿ. ಹಾಕಿದ ಪ್ರೋಗ್ರಾಮುಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ನುಡಿ ಹುಡುಕಿದ ದಿನ ಏನೇನು ಬಂದಿದೆ ಅಂತ ಸಾಲಾಗಿ ಕಾಣುತ್ತದೆ. ಪೊರಕೆಯ ಅಕ್ಕಪಕ್ಕ ಅದರ ಸಂಗಡಿಗರೂ ಇರಬಹುದು. ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಆಗ ಅದು ಅಂಗಲಾಚುತ್ತದೆ. ‘ನಿಮ್ಮ ರಕ್ಷಣೆ ಹೋಗುತ್ತದೆ’ ಅನ್ನುತ್ತದೆ, ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತದೆ. ದೊಡ್ಡ ಗುಂಡಿ ‘ಇಟ್ಟುಕೊಳ್ಳಿ’ ಅಂತಿರುತ್ತದೆ, ‘ತೆಗೆಯಿರಿ’ ಅನ್ನುವುದು ಮಂಕಾದ ಬೂದು ಅಕ್ಷರದಲ್ಲಿ. ಆ ಬೂದು ಅಕ್ಷರವನ್ನೇ ಒತ್ತಿ. ಮೆಷಿನ್ ರೀಸ್ಟಾರ್ಟ್ ಮಾಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಅನ್ನುವ ಕಡೆ ಅದರ ಹೆಸರು ಉಳಿದಿದ್ದರೆ ಡಿಸೇಬಲ್ ಮಾಡಿ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ ನೋಡಿ, ಅಂದರೆ ಬ್ರೌಸರಿಗೆ ಅಂಟಿಸಿದ ಪುಟ್ಟ ಪ್ರೋಗ್ರಾಮುಗಳು, ನೀವು ಹಾಕದ್ದನ್ನು ತೆಗೆಯಿರಿ. ಕೊನೆಗೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಅನ್ನುವ ಆಂಟಿವೈರಸ್ ಜೊತೆಯಲ್ಲೇ ಬರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಬೇರೆ ಆಂಟಿವೈರಸ್ ಬಂದು ಕೂತರೆ ಅದು ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಈಗ ಆನ್ ಇದೆಯಾ ನೋಡಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಫುಲ್ ಸ್ಕ್ಯಾನ್ ಕೊಟ್ಟು ನೀವು ಊಟಕ್ಕೆ ಹೋಗಿ. ಆಮೇಲೆ ಅದೇ ಜಾಗದಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇನ್ನೊಂದಿದೆ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಸಾಕು. ತೆರೆದ ಫೈಲುಗಳನ್ನು ಸೇವ್ ಮಾಡಿಕೊಂಡೇ ಅದನ್ನು ಒತ್ತಿ, ದೇವಸ್ಥಾನದ ಇತಿಹಾಸ ಅಲ್ವಾ!

ಇಷ್ಟಾದ ಮೇಲೂ ನಿಧಾನ ಅನ್ನಿಸಿದರೆ ಅದಕ್ಕೆ ಕಾರಣ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರಬಹುದು, ಅಥವಾ 4 ಜಿಬಿ ರ್ಯಾಮ್. ಆ 1,999ಕ್ಕೆ ಇನ್ನಷ್ಟು ಸೇರಿಸಿ, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಇರುವೆಗಳು ಸಿಪಿಯು ಡಬ್ಬದೊಳಗೆ ಮೊಟ್ಟೆ ಇಡುತ್ತವೆ. ಫ್ಯಾನಿಗೆ ಧೂಳು ಮೆತ್ತುತ್ತದೆ, ಮೆಷಿನ್ ಬಿಸಿಯಾಗಿ ಕುಂಟುತ್ತದೆ. ಕಂಪ್ಯೂಟರಿಗೆ ನಾನು ಈಗ ಮಾಡುವ ಕ್ಲೀನಿಂಗ್ ಅಂದರೆ ಪ್ಲಗ್ ಕಿತ್ತು, ಡಬ್ಬ ಬಿಚ್ಚಿ, ಪೇಂಟ್ ಬ್ರಷ್ಷಿನಲ್ಲಿ ಗುಡಿಸುವುದು.

ಪ್ರಶ್ನೆ: ಅಮ್ಮ ಅಡುಗೆ ವಿಡಿಯೋ ನೋಡುತ್ತಿದ್ದಾಗ ಪರದೆ ತುಂಬ ಕೆಂಪಾಗಿ, ಸೈರನ್ ಕೂಗಿ, ‘ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ’ ಅಂತ ಬಂತಂತೆ. ಅಮ್ಮ ಕರೆ ಮಾಡಿದ್ದಾರೆ. ಹಿಂದಿಯಲ್ಲಿ ಮಾತಾಡಿದವನು, ದೂರದಿಂದಲೇ ಬೇರೆಯವರ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಪ್ರೋಗ್ರಾಂ ಹಾಕಿಸಿ, ಒಂದು ಗಂಟೆ ಏನೇನೋ ತೋರಿಸಿ, ಕಾರ್ಡಿನಿಂದ 8,500 ರೂಪಾಯಿ ಕಟ್ಟಿಸಿಕೊಂಡಿದ್ದಾನೆ. ಮೂರು ದಿನ ನಮಗೆ ಹೇಳಲೇ ಇಲ್ಲ. ಈಗ ಏನು ಮಾಡಲಿ?
– ಓದುಗಿ, ಹುಬ್ಬಳ್ಳಿ

ಉತ್ತರ: ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತುಹಾಕಿ. ಆಮೇಲೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆ ದೂರಿನ ರಾಷ್ಟ್ರೀಯ ಸಹಾಯವಾಣಿ. ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ವರ್ಷ ತಾನಾಗಿ ಕಡಿತವಾಗುವ ಒಪ್ಪಿಗೆಯನ್ನೂ ಅವನು ಕೊಡಿಸಿಕೊಂಡಿರಬಹುದು, ಅದನ್ನೂ ರದ್ದು ಮಾಡಿಸಿ. ಅಮ್ಮನೇ ಒಟಿಪಿ ಕೊಟ್ಟಿದ್ದರೆ ಹೋದ ದುಡ್ಡು ವಾಪಸ್ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದಕ್ಕೇ ಇವತ್ತೇ ಹೇಳಿ.

ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸುವುದನ್ನು ನಿಮ್ಮ ಮೊಬೈಲಿನಿಂದ ಮಾಡಿ, ಆ ಕಂಪ್ಯೂಟರಿನಿಂದ ಬೇಡ. ಮೇಷ್ಟ್ರಿಗೆ ಫಾರ್ಮ್ಯಾಟ್ ಬೇಡ ಅಂದೆ, ನಿಮಗೆ ಬೇಕು ಅನ್ನುತ್ತೇನೆ. ಗುರುತಿಲ್ಲದವನು ಒಂದು ಗಂಟೆ ಒಳಗಿದ್ದ. ಎನಿಡೆಸ್ಕ್ ಕೆಟ್ಟದ್ದಲ್ಲ, ನಾನೂ ದೂರದ ಗ್ರಾಹಕರಿಗೆ ಬಳಸುತ್ತೇನೆ. ಆದರೆ ಅವನು ಇನ್ನೇನು ಬಿಟ್ಟುಹೋಗಿದ್ದಾನೋ ಹುಡುಕುತ್ತ ಕೂರುವುದಕ್ಕಿಂತ ಫೋಟೋ, ಕಾಗದಪತ್ರ ತೆಗೆದಿಟ್ಟು ಹೊಸದಾಗಿ ವಿಂಡೋಸ್ ಹಾಕಿಸುವುದೇ ನೆಮ್ಮದಿ.

ಅಮ್ಮನಿಗೆ ಎರಡು ಸಂಗತಿ ಹೇಳಿಕೊಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ. ಮತ್ತೆ ಆ ಕೆಂಪು ಪರದೆ ಬರೀ ಒಂದು ವೆಬ್‌ಪುಟ, ಪೂರ್ತಿ ಪರದೆಗೆ ಹಿಗ್ಗಿಕೊಂಡಿದೆ ಅಷ್ಟೇ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಕುಗ್ಗುತ್ತದೆ, ಆಲ್ಟ್ ಮತ್ತು ಎಫ್4 ಒತ್ತಿದರೆ ಮುಚ್ಚುತ್ತದೆ. ಏನೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲಿ, ಏನೂ ಸುಡುವುದಿಲ್ಲ. ಮತ್ತೆ ಆನ್ ಮಾಡಿದಾಗ ಬ್ರೌಸರ್ ‘ಹಳೆಯ ಪುಟ ತೆರೆಯಲಾ’ ಅಂತ ಕೇಳಿದರೆ ಬೇಡ ಅನ್ನಲಿ. ಅಮ್ಮನನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಮೂರು ದಿನ ಅಲ್ಲ, ಮೂರು ತಿಂಗಳು ಮುಚ್ಚಿಡುತ್ತಾರೆ.

ಪ್ರಶ್ನೆ: ಹಾಗಾದರೆ ದುಡ್ಡು ಕೇಳದ, ನಂಬಬಹುದಾದ ಕ್ಲೀನರ್ ಒಂದಾದರೂ ಹೇಳಿ.
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ವಿಂಡೋಸ್‌ನೊಳಗೇ ಇದೆ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್. ಅಲ್ಲಿ ಟೆಂಪರರಿ ಫೈಲ್ಸ್ ಅಳಿಸಬಹುದು. ಡೌನ್‌ಲೋಡ್ಸ್ ಅನ್ನುವುದರ ಮುಂದಿನ ಟಿಕ್ ಮಾತ್ರ ತೆಗೆದಿಡಪ್ಪಾ, ಇಲ್ಲದಿದ್ದರೆ ಪ್ರಾಜೆಕ್ಟ್ ರಿಪೋರ್ಟೂ ಹೋಯಿತು ಅಂತ ಮುಂದಿನ ವಾರ ನನಗೇ ಪತ್ರ ಬರೆಯುತ್ತೀಯ. ವೈರಸ್ ಇದೆ ಅಂತ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣ ನೋಡು. 2017ರಲ್ಲಿ ಶುರುವಾದದ್ದು, ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ನಡೆಸುತ್ತದೆ. ವೈರಸ್ ತೆಗೆಯುವ ಸಾಧನಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ತಾಣದ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ಅಂತ ನೋಡಿಕೊಂಡೇ ಒತ್ತು.