ಬುಕ್ ಮಾಡಿದ ಕಾರು ಕೈಗೆ ಬರುವಷ್ಟರಲ್ಲಿ ಹಳೇ ಮಾಡೆಲ್!

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕಟ್ಟಿ ಕೂತವರವು. ಒಂದನ್ನು ವಿವರವಾಗಿ, ಉಳಿದವನ್ನು ಚುಟುಕಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ವರ್ಷದ ಆರಂಭದಲ್ಲಿ ಎಲೆಕ್ಟ್ರಿಕ್ ಕಾರೊಂದನ್ನು ಬುಕ್ ಮಾಡಿದೆ. ಮೂರು ತಿಂಗಳಲ್ಲಿ ಡೆಲಿವರಿ ಎಂದಿದ್ದರು, ಎರಡು ಸಲ ಮುಂದೂಡಿದರು. ಈಗ ನೋಡಿದರೆ ಅದೇ ಕಾರಿನ ಹೊಸ ಮಾಡೆಲ್ ಪ್ರಕಟವಾಗಿದೆ. ಬ್ಯಾಟರಿ 60 ಕಿಲೋವ್ಯಾಟ್-ಅವರ್ (ಅದು ಹಿಡಿಯುವ ವಿದ್ಯುತ್ತಿನ ಅಳತೆ) ಇದ್ದದ್ದು 65 ಆಗಿದೆ, ಫಾಸ್ಟ್ ಚಾರ್ಜಿಂಗ್ 40 ನಿಮಿಷದಿಂದ 30ಕ್ಕೆ ಇಳಿದಿದೆ, ಪರದೆ ದೊಡ್ಡದಾಗಿದೆ. ನಾನು ಆರಿಸಿದ್ದ ಬಣ್ಣ ಪಟ್ಟಿಯಲ್ಲೇ ಇಲ್ಲ. ‘ಹಳೆಯದು ಸ್ಟಾಕ್ ಇದೆ, ರಿಯಾಯಿತಿ ಕೊಡುತ್ತೇವೆ, ಈ ತಿಂಗಳೇ ತಗೊಳ್ಳಿ. ಬೇಡವಾದರೆ ಕ್ಯಾನ್ಸಲ್ ಮಾಡಿ ಹೊಸದಕ್ಕೆ ಬುಕ್ ಮಾಡಿ, ಅದರ ಬೆಲೆ ಇನ್ನೂ ಬಂದಿಲ್ಲ’ ಎನ್ನುತ್ತಾರೆ ಡೀಲರ್. ಹೊಸದಕ್ಕೆ ಕಾದರೆ ಅದು ಬರುವಷ್ಟರಲ್ಲಿ ಇನ್ನೊಂದು ಬರುವುದಿಲ್ಲ ಎಂದು ಏನು ಖಾತ್ರಿ?

ಉತ್ತರ: ಖಾತ್ರಿ ಏನೂ ಇಲ್ಲ. ಇನ್ನೊಂದು ಬಂದೇ ಬರುತ್ತದೆ. ಆದ್ದರಿಂದ ‘ಹೊಸದು ಯಾವಾಗ ಬರುತ್ತದೆ’ ಎಂದು ಲೆಕ್ಕ ಹಾಕುವುದನ್ನು ಬಿಡಿ. ಬದಲಾದದ್ದು ಏನು, ಅದರಲ್ಲಿ ಮುಂದೆ ನಿಮ್ಮ ಕಾರಿಗೆ ಯಾವತ್ತೂ ಸೇರಿಸಲಾಗದ್ದು ಯಾವುದು, ಅದು ನಿಮಗೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಿ.

ಪೆಟ್ರೋಲ್ ಕಾರುಗಳಿಗೆ ಒಂದು ನಿಧಾನದ ಲಯವಿತ್ತು. ಒಂದು ಮಾಡೆಲ್ ಆರೇಳು ವರ್ಷ ಬಾಳುತ್ತಿತ್ತು, ನಡುವೆ ಬಂಪರು, ದೀಪ ಬದಲಿಸಿ ಒಂದು ಫೇಸ್‌ಲಿಫ್ಟ್ ಆಗುತ್ತಿತ್ತು. ಎಲೆಕ್ಟ್ರಿಕ್ ಕಾರಿನ ಅತ್ಯಂತ ದುಬಾರಿ ಭಾಗವಾದ ಬ್ಯಾಟರಿ ಆ ಲಯಕ್ಕೆ ಕಾಯುವುದಿಲ್ಲ. ಇಂಧನ ಕ್ಷೇತ್ರದ ಅಧ್ಯಯನ ಸಂಸ್ಥೆ ಬ್ಲೂಮ್‌ಬರ್ಗ್ ಎನ್‌ಇಎಫ್‌ನ ಸಮೀಕ್ಷೆಯಂತೆ 2024ರಲ್ಲಿ ಬ್ಯಾಟರಿ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ ಕಿಲೋವ್ಯಾಟ್-ಅವರ್‌ಗೆ 115 ಡಾಲರ್. ಒಂದೇ ವರ್ಷದಲ್ಲಿ ಶೇ 20ರಷ್ಟು ಕುಸಿತ. ಬ್ಯಾಟರಿ ಬೆಲೆ ಹೀಗೆ ಜಾರುತ್ತಿರುವಾಗ ಯಾವ ಕಂಪನಿಯೂ ಎರಡು ವರ್ಷ ಹಳೆಯ ಸೆಲ್‌ಗಳನ್ನೇ (ಪ್ಯಾಕ್‌ನೊಳಗಿನ ಬಿಡಿ ಬ್ಯಾಟರಿಗಳು) ಹಾಕಿಕೊಂಡು ಕೂರುವುದಿಲ್ಲ, ಕೂತರೆ ಪಕ್ಕದ ಕಂಪನಿ ಬಿಡುವುದಿಲ್ಲ. ನಿಸಾನ್ ಲೀಫ್ 2010ರಲ್ಲಿ 24 ಕಿಲೋವ್ಯಾಟ್-ಅವರ್ ಬ್ಯಾಟರಿಯೊಂದಿಗೆ ಬಂತು; 2017ರ ಎರಡನೇ ತಲೆಮಾರಿನಲ್ಲಿ ಅದು 40, 2019ರ ಹೊತ್ತಿಗೆ 62. ಬಿಎಂಡಬ್ಲ್ಯು ಐ3 ಇನ್ನೂ ಸ್ವಾರಸ್ಯದ್ದು. 2013ರಲ್ಲಿ 22, 2016ರಲ್ಲಿ 33, 2018ರಲ್ಲಿ 42. ಕಾರು ಅದೇ, ಬ್ಯಾಟರಿ ಪೆಟ್ಟಿಗೆಯ ಅಳತೆಯೂ ಅದೇ, ಒಳಗಿನ ಸೆಲ್ ಮಾತ್ರ ಬೇರೆ. ಐದು ವರ್ಷದಲ್ಲಿ ಸಾಮರ್ಥ್ಯ ಹೆಚ್ಚುಕಡಿಮೆ ದುಪ್ಪಟ್ಟು. 2013ರ ಗಿರಾಕಿ 2018ರವರೆಗೆ ಕಾದಿದ್ದರೆ ದೊಡ್ಡ ಬ್ಯಾಟರಿ ಸಿಗುತ್ತಿತ್ತು, ನಿಜ. ಆದರೆ ಐದು ವರ್ಷ ಕಾರಿಲ್ಲದೆ ಇರಬೇಕಾಗಿತ್ತು.

ಇನ್ನೊಂದು ಸಂಗತಿ ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಹೊಸದು ಎಂದರೆ ಎಲ್ಲದರಲ್ಲೂ ಹೆಚ್ಚು ಎಂದಲ್ಲ. ವೆಚ್ಚ ತಗ್ಗಿಸಲು ಇದ್ದದ್ದನ್ನು ತೆಗೆಯುವುದೂ ‘ಅಪ್‌ಡೇಟ್’ ಎಂಬ ಹೆಸರಿನಲ್ಲೇ ನಡೆಯುತ್ತದೆ. ಟೆಸ್ಲಾ 2022ರ ಅಕ್ಟೋಬರ್‌ನಲ್ಲಿ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಂದ, ಹತ್ತಿರದ ಅಡ್ಡಿ ಎಷ್ಟು ದೂರವಿದೆ ಎಂದು ಧ್ವನಿತರಂಗದಿಂದ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳನ್ನು ಕೈಬಿಡಲು ಶುರುಮಾಡಿತು. ಕ್ಯಾಮೆರಾದಿಂದಲೇ ಆ ಕೆಲಸ ಮಾಡಿಸುವ ಸಾಫ್ಟ್‌ವೇರ್ ಆಗಿನ್ನೂ ಸಿದ್ಧವಿರಲಿಲ್ಲ. ಹೀಗಾಗಿ ಪಾರ್ಕಿಂಗ್ ನೆರವಿನಂಥ ಸೌಲಭ್ಯ ಹಳೆಯ ಕಾರಿನವರಿಗೆ ಇತ್ತು, ಹೊಸ ಕಾರಿನವರಿಗೆ ತಿಂಗಳುಗಟ್ಟಲೆ ಇರಲಿಲ್ಲ. 2023ರಲ್ಲಿ ಬದಲಾದ ಮಾಡೆಲ್ 3ರಲ್ಲಿ ಇಂಡಿಕೇಟರ್ ಲಿವರ್ ಹೋಗಿ ಸ್ಟೀರಿಂಗ್ ಮೇಲೆ ಗುಂಡಿಗಳು ಬಂದವು. ಜನ ಗೊಣಗಿದರು. 2025ರ ಹೊಸ ಮಾಡೆಲ್ ವೈನಲ್ಲಿ ಲಿವರ್ ಹಾಗೆಯೇ ಉಳಿಯಿತು. ಆದ್ದರಿಂದ ಹಳೆಯ ಮತ್ತು ಹೊಸ ಬ್ರೋಷರ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಹೊಸದರಲ್ಲಿ ಏನಿಲ್ಲ ಎಂಬುದನ್ನು ಮೊದಲು ಹುಡುಕಿ.

ಈಗ ನಿಮ್ಮ ಕಾರಿಗೆ ಬರೋಣ. ಬ್ಯಾಟರಿ 5 ಕಿಲೋವ್ಯಾಟ್-ಅವರ್ ಹೆಚ್ಚಿದೆ. ಸಾಮಾನ್ಯ ಗಾತ್ರದ ಕಾರು ಒಂದು ಕಿಲೋವ್ಯಾಟ್-ಅವರ್‌ಗೆ ಸುಮಾರು 6 ಕಿ.ಮೀ. ಓಡುತ್ತದೆ, ಅಂದರೆ 30 ಕಿ.ಮೀ. ಹೆಚ್ಚುವರಿ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಅದೂ ಕರಗುತ್ತದೆ. ಇಷ್ಟಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ನನ್ನ ಲೆಕ್ಕದಲ್ಲಿ ದಂಡ. ಈಗಿನ ಕಾರಿನ ರೇಂಜ್ ನಿಮ್ಮ ಮಾಮೂಲಿ ದೂರದ ಊರಿಗೆ ಕೂದಲೆಳೆಯಷ್ಟು ಸಾಲದೆ ಹೋಗುತ್ತಿದ್ದರೆ ಮಾತ್ರ ಮಾತು ಬೇರೆ.

ಚಾರ್ಜಿಂಗ್ ವೇಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದೆ ಯಾವ ಸಾಫ್ಟ್‌ವೇರ್ ಬಂದರೂ ಇದರ ಮೇಲ್ಮಿತಿ ಅಷ್ಟಾಗಿ ಬದಲಾಗದು. ಸೆಲ್‌ನ ಜಾತಿ (ಒಳಗಿನ ರಾಸಾಯನಿಕ ಯಾವುದು ಎಂಬುದು), ಪ್ಯಾಕ್‌ನ ವೋಲ್ಟೇಜ್, ಬ್ಯಾಟರಿ ತಂಪು ಮಾಡುವ ವ್ಯವಸ್ಥೆ ಈ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಮೂರೂ ಕಾರ್ಖಾನೆಯಲ್ಲೇ ಕೂತುಬಿಡುತ್ತವೆ. ‘ಗರಿಷ್ಠ ಇಷ್ಟು ಕಿಲೋವ್ಯಾಟ್’ ಎಂಬ ದಪ್ಪಕ್ಷರದ ಸಂಖ್ಯೆಯನ್ನು ನಂಬಬೇಡಿ, ಆ ವೇಗ ಕೆಲವೇ ನಿಮಿಷ ನಿಲ್ಲುವುದು. ಶೇ 10ರಿಂದ 80ಕ್ಕೆ ಎಷ್ಟು ನಿಮಿಷ ಎಂಬುದೇ ನಿಜವಾದ ಅಳತೆ. 2021ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ತನ್ನ 800 ವೋಲ್ಟ್ ವ್ಯವಸ್ಥೆಯಿಂದ ಇದನ್ನು ಸುಮಾರು 18 ನಿಮಿಷಕ್ಕೆ ಇಳಿಸಿತು, ಆದರೆ ಅದಕ್ಕೆ 350 ಕಿಲೋವ್ಯಾಟ್ ಚಾರ್ಜರ್ ಬೇಕು. 2019ರ ಪೋರ್ಷೆ ಟೈಕಾನ್ ಕೂಡ 800 ವೋಲ್ಟ್ ಕಾರೇ; ಮಾಮೂಲಿ 400 ವೋಲ್ಟ್ ಚಾರ್ಜರ್‌ಗೆ ಸಿಕ್ಕಿಸಿದರೆ ಮೂಲ ಕಾರು 50 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳುತ್ತಿತ್ತು, ಅದಕ್ಕಿಂತ ಹೆಚ್ಚು ಬೇಕಿದ್ದರೆ ದುಡ್ಡು ಕೊಟ್ಟು ಬೇರೆ ಉಪಕರಣ ಹಾಕಿಸಬೇಕಿತ್ತು. ನಿಮ್ಮ ದಾರಿಯಲ್ಲಿರುವ ಚಾರ್ಜರ್‌ಗಳು ಎಷ್ಟು ಕಿಲೋವ್ಯಾಟ್‌ನವು ಎಂದು ನೋಡದೆ ಹೊಸ ಕಾರಿನ ವೇಗಕ್ಕೆ ಮರುಳಾಗಬೇಡಿ.

ನಿಮ್ಮ ವಿಷಯದಲ್ಲಿ ಉಳಿಯುವುದು ಒಂದು ಸಲಕ್ಕೆ 10 ನಿಮಿಷ. ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಂಡು ವರ್ಷಕ್ಕೆ ಹತ್ತು ಸಲ ಮಾತ್ರ ಹೆದ್ದಾರಿ ಚಾರ್ಜರ್ ಹಿಡಿಯುವವರಾದರೆ ವರ್ಷಕ್ಕೆ ನೂರು ನಿಮಿಷ ಉಳಿಯಿತು. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವೇ ಇಲ್ಲದೆ ವಾರಕ್ಕೆರಡು ಸಲ ಹೊರಗಿನ ಚಾರ್ಜರನ್ನೇ ನಂಬಿದವರಾದರೆ ಕಾಯಿರಿ ಎನ್ನುತ್ತೇನೆ. ಪರದೆಯ ಗಾತ್ರದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಾಯಲೇಬೇಕಾದ ಇನ್ನೊಂದು ಬದಲಾವಣೆ ಉಂಟು: ಚಾರ್ಜಿಂಗ್ ಪೋರ್ಟ್. ಲೀಫ್‌ನ ಮೊದಲ ತಲೆಮಾರುಗಳಲ್ಲಿ ಇದ್ದದ್ದು ಜಪಾನಿನ ಚಾಡೆಮೊ ಮಾದರಿಯ ಪೋರ್ಟ್. ಜಪಾನ್ ಬಿಟ್ಟರೆ ಉಳಿದ ಕಡೆ ಹೊಸ ಚಾರ್ಜರ್‌ಗಳಲ್ಲಿ ಹೆಚ್ಚಿನವು ಬೇರೆ ಪೋರ್ಟ್ ಕಡೆ ಹೊರಳಿದವು. ಕಾರು ಚೆನ್ನಾಗಿದ್ದೂ ಸಿಕ್ಕಿಸಲು ಜಾಗ ಹುಡುಕುವ ಪಾಡು. ಉತ್ತರ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಫೋರ್ಡ್ ಟೆಸ್ಲಾ ಮಾದರಿಯ ಪೋರ್ಟ್‌ಗೆ ಒಪ್ಪಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಅಲ್ಲಿ ಹಳೆಯ ಸ್ಟಾಕ್ ಕೊಂಡವರಿಗೆ ಅಡಾಪ್ಟರ್ ಗತಿ. ಹೊಸ ಮಾಡೆಲ್‌ನಲ್ಲಿ ಪೋರ್ಟ್ ಬದಲಾಗಿದ್ದರೆ ರಿಯಾಯಿತಿ ಎಷ್ಟೇ ಇರಲಿ, ಎರಡು ಸಲ ಯೋಚಿಸಿ.

ಇನ್ನು ಡೀಲರ್ ಹೇಳುವ ರಿಯಾಯಿತಿ. ಹೊಸ ಮಾಡೆಲ್ ಬಂದ ದಿನವೇ ಹಳೆಯದರ ಮರುಮಾರಾಟ ಬೆಲೆ ಒಂದು ಮೆಟ್ಟಿಲು ಇಳಿಯುತ್ತದೆ. ನೀವು ಕೊಳ್ಳುವ ಮೊದಲೇ ಆಗಿರುವ ಈ ಇಳಿತವನ್ನು ರಿಯಾಯಿತಿ ತುಂಬಿಕೊಡಬೇಕು. ಒಂದು ವರ್ಷ ಓಡಿದ ಅದೇ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿ. ಡೀಲರ್‌ನ ‘ವಿಶೇಷ ಬೆಲೆ’ಗೂ ಅದಕ್ಕೂ ಅಂತರ ದೊಡ್ಡದಿದ್ದರೆ ಚೌಕಾಸಿಗೆ ಇನ್ನೂ ಜಾಗವಿದೆ. ಎಂಟು ವರ್ಷ ಇಟ್ಟುಕೊಳ್ಳುವವರಿಗೆ ಈ ಇಳಿತ ಅಷ್ಟು ತಾಗುವುದಿಲ್ಲ, ಮೂರೇ ವರ್ಷಕ್ಕೆ ಮಾರುವವರಿಗೆ ಚೆನ್ನಾಗಿ ತಾಗುತ್ತದೆ. ಮೂರು ವರ್ಷದವರು ಲೀಸ್ ವಿಚಾರಿಸಿ, ಬೆಲೆ ಕುಸಿತದ ತಲೆನೋವು ಆಗ ಲೀಸ್ ಕಂಪನಿಯದು.

ಸೇಲ್ಸ್‌ನವರು ಮೊದಲೇ ಏಕೆ ಹೇಳಲಿಲ್ಲ ಎಂದು ಸಿಟ್ಟು ಬರುವುದು ಸಹಜ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ. ಹೊಸದರ ಸುದ್ದಿ ಮುಂಚೆಯೇ ಹೊರಬಿದ್ದರೆ ಹಳೆಯದು ಗೋದಾಮಿನಲ್ಲೇ ಕೊಳೆಯುತ್ತದೆಂಬ ಹೆದರಿಕೆ ಕಂಪನಿಗಳಿಗೆ. ಹೊಸ ಮಾಡೆಲ್ ಬರುತ್ತದೆಂದು ಮೊದಲೇ ಸಾರಿ ಹಳೆಯದರ ಮಾರಾಟ ಕೆಡಿಸಿಕೊಂಡಿತು ಎನ್ನಲಾಗುವ, 1983ರಲ್ಲಿ ದಿವಾಳಿಯಾದ ಆಸ್ಬೋರ್ನ್ ಕಂಪ್ಯೂಟರ್ ಕಂಪನಿಯ ಕಥೆಯನ್ನು ವ್ಯಾಪಾರದವರು ಇವತ್ತಿಗೂ ಹೇಳುವುದು ಇದಕ್ಕೇ. ಅವರ ಹೆದರಿಕೆ ಅವರಿಗಿರಲಿ. ನಿಮ್ಮ ಕೆಲಸ ಎಲ್ಲವನ್ನೂ ಕಾಗದಕ್ಕೆ ಇಳಿಸುವುದು. ಆರ್ಡರ್ ಫಾರ್ಮ್‌ನಲ್ಲಿ ಕಾರಿನ ಹೆಸರು ಮಾತ್ರ ಇದ್ದರೆ ಸಾಲದು. ಬ್ಯಾಟರಿ ಸಾಮರ್ಥ್ಯ, ಸೆಲ್‌ನ ಜಾತಿ, ಎಸಿ ಚಾರ್ಜಿಂಗ್ (ಮನೆಯಲ್ಲಿ ಮಾಡುವಂಥದ್ದು) ಎಷ್ಟು ಕಿಲೋವ್ಯಾಟ್, ಬಣ್ಣ, ಕೊನೆಯ ಡೆಲಿವರಿ ದಿನಾಂಕ ಎಲ್ಲ ಇರಬೇಕು. ‘ಮುನ್ಸೂಚನೆಯಿಲ್ಲದೆ ವಿವರಗಳು ಬದಲಾಗಬಹುದು’ ಎಂಬ ಸಾಲು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಅದರ ಕೆಳಗೆ ‘ಬದಲಾದರೆ ಮುಂಗಡ ಪೂರ್ತಿ ವಾಪಸ್’ ಎಂದು ಬರೆಸಿ, ಸಹಿ ಹಾಕಿಸಿ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಬಣ್ಣ ನಿಂತುಹೋಗಿದೆ, ದಿನಾಂಕ ಎರಡು ಸಲ ತಪ್ಪಿದೆ. ಈಗ ಮಾತಿನ ಬಲ ಇರುವುದು ನಿಮ್ಮ ಕಡೆ. ನೀವು ಮನೆಯಲ್ಲಿ ಚಾರ್ಜ್ ಮಾಡುವವರಾಗಿದ್ದು, ರಿಯಾಯಿತಿ ಚೆನ್ನಾಗಿ ಕುದುರಿದರೆ ಹಳೆಯದನ್ನೇ ತೆಗೆದುಕೊಳ್ಳಿ ಎನ್ನುವವನು ನಾನು.

ಪ್ರಶ್ನೆ: ನನಗೆ ಕೊಡುವ ಕಾರು ಸ್ಟಾಕ್‌ಯಾರ್ಡ್‌ನಲ್ಲಿ ಎಷ್ಟು ತಿಂಗಳು ನಿಂತಿತ್ತೋ ಗೊತ್ತಿಲ್ಲ. ಕಂಡುಹಿಡಿಯುವುದು ಹೇಗೆ?

ಉತ್ತರ: ಹಣ ಪೂರ್ತಿ ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ, ತಯಾರಾದ ತಿಂಗಳನ್ನು ಬರಹದಲ್ಲಿ ಪಡೆಯಿರಿ. ಅನೇಕ ಕಂಪನಿಗಳ ಚಾಸಿ ನಂಬರ್‌ನಲ್ಲಿ ಹತ್ತನೇ ಅಕ್ಷರ ಮಾಡೆಲ್ ವರ್ಷವನ್ನು ಹೇಳುತ್ತದೆ, ಎಲ್ಲ ಕಡೆ ಅದು ಕಡ್ಡಾಯವಲ್ಲ. ಟೈರ್ ಸುಳ್ಳು ಹೇಳುವುದಿಲ್ಲ: ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು 2324 ಎಂದಿದ್ದರೆ ಆ ಟೈರ್ 2024ರ 23ನೇ ವಾರದ್ದು. ಕಾರು ಅದಕ್ಕಿಂತ ಮೊದಲು ತಯಾರಾಗಿರಲಾರದು, ಟೈರ್ ಬದಲಿಸಿಲ್ಲ ಎಂದಾದರೆ.

ತಿಂಗಳುಗಟ್ಟಲೆ ನಿಂತ ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿಗಿಂತ ಮೊದಲು ಕೈಕೊಡುವುದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಅದು ಸತ್ತರೆ ಬಾಗಿಲೂ ತೆರೆಯದೆ ಹೋಗಬಹುದು. ಹೊಸದು ಹಾಕಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ದೊಡ್ಡ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿ ನಿಲ್ಲಿಸಿದ್ದರೆ ಹೆಚ್ಚು ಚಿಂತೆ ಇಲ್ಲ, ಪೂರ್ತಿ ತುಂಬಿಸಿ ಬಿಸಿಲಲ್ಲಿ ಬಿಟ್ಟಿದ್ದರೆ ಒಳ್ಳೆಯದಲ್ಲ. ಷೋರೂಮಿನ ಡೆಮೊ ಕಾರು ಕೊಡುತ್ತಿದ್ದರೆ ವಾರಂಟಿ ಯಾವ ದಿನದಿಂದ ಶುರುವಾಗಿದೆ ನೋಡಿ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ.; ಅದರಲ್ಲಿ ಆಗಲೇ ಒಂದಷ್ಟು ಕಳೆದಿರಬಹುದು.

ಪ್ರಶ್ನೆ: ಹೊಸ ಮಾಡೆಲ್‌ಗೆ ರೇಂಜ್ 50 ಕಿ.ಮೀ. ಹೆಚ್ಚು ಎನ್ನುತ್ತಾರೆ, ಬ್ಯಾಟರಿ ಮಾತ್ರ ಅಷ್ಟೇ ಇದೆ. ಇದು ಹೇಗೆ?

ಉತ್ತರ: ಹೀಟ್ ಪಂಪ್ (ಕಡಿಮೆ ವಿದ್ಯುತ್ತಿನಲ್ಲಿ ಕಾರಿನೊಳಗೆ ಬೆಚ್ಚಗಿಡುವ ಸಾಧನ), ಸುಧಾರಿಸಿದ ಮೋಟರ್, ಗಾಳಿಗೆ ಕಡಿಮೆ ತಡೆಯೊಡ್ಡುವ ಚಕ್ರಗಳಿಂದ ಸ್ವಲ್ಪ ಹೆಚ್ಚುವುದುಂಟು. ಪರೀಕ್ಷೆಯೇ ಬೇರೆ ಇರುವುದೂ ಉಂಟು. ಒಂದೇ ಕಾರಿಗೆ ಚೀನಾದ ಸಿಎಲ್‌ಟಿಸಿ ಪರೀಕ್ಷೆ ದೊಡ್ಡ ಸಂಖ್ಯೆ ಕೊಡುತ್ತದೆ, ಯುರೋಪಿನ ಡಬ್ಲ್ಯುಎಲ್‌ಟಿಪಿ ಅದಕ್ಕಿಂತ ಕಡಿಮೆ, ಅಮೆರಿಕದ ಇಪಿಎ ಸಾಮಾನ್ಯವಾಗಿ ಇನ್ನೂ ಕಡಿಮೆ. ಎರಡೂ ಸಂಖ್ಯೆಗಳ ಪಕ್ಕ ಯಾವ ಪರೀಕ್ಷೆಯ ಹೆಸರಿದೆ ನೋಡಿ. ಹೆಸರೇ ಇಲ್ಲದಿದ್ದರೆ ಆ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಪ್ರಶ್ನೆ: ಸಾಲಿಡ್ ಸ್ಟೇಟ್ ಬ್ಯಾಟರಿ ಬರುವವರೆಗೆ ಕಾಯೋಣವೇ?

ಉತ್ತರ: ಬೇಡ. ಸೆಲ್‌ನೊಳಗೆ ದ್ರವದ ಬದಲು ಘನವಸ್ತು ಇರುವ ಈ ಬ್ಯಾಟರಿ ಬರುವುದು ಟೊಯೊಟಾ 2017ರಲ್ಲಿ ‘2020ರ ದಶಕದ ಮೊದಲ ವರ್ಷಗಳಲ್ಲಿ’ ಎಂದಿತ್ತು, 2023ರಲ್ಲಿ 2027-28 ಎಂದಿತು. ಬಂದಾಗಲೂ ಮೊದಲು ಹೋಗುವುದು ಅತಿ ದುಬಾರಿ ಕಾರುಗಳಿಗೆ.

ಪ್ರಶ್ನೆ: ಕಾರು ಮನೆಗೆ ಬಂದ ಮರುತಿಂಗಳೇ ಕಂಪನಿ ಬೆಲೆ ಇಳಿಸಿತು. ವ್ಯತ್ಯಾಸದ ಹಣ ಕೇಳಬಹುದೇ?

ಉತ್ತರ: ಕೇಳಬಹುದು, ಸಿಗುವ ಸಾಧ್ಯತೆ ಕಡಿಮೆ. 2023ರ ಜನವರಿಯಲ್ಲಿ ಟೆಸ್ಲಾ ಚೀನಾದಲ್ಲಿ ಬೆಲೆ ಇಳಿಸಿದಾಗ, ಅದಕ್ಕೆ ಸ್ವಲ್ಪ ಮೊದಲು ಕೊಂಡಿದ್ದವರು ಷೋರೂಮ್‌ಗಳ ಮುಂದೆ ಗುಂಪುಗೂಡಿ ಪ್ರತಿಭಟಿಸಿದರು. ಕಂಪನಿ ಪರಿಹಾರ ಕೊಡಲು ಮುಂದಾಗಲಿಲ್ಲ. ಬಿಲ್ ಆದ ಮೇಲೆ ವ್ಯವಹಾರ ಮುಗಿಯಿತೆಂದೇ ಹೆಚ್ಚಿನ ಕಂಪನಿಗಳ ನಿಲುವು. ಬುಕಿಂಗ್‌ಗೂ ಬಿಲ್‌ಗೂ ನಡುವೆ ಇಳಿದರೆ ಮಾತ್ರ ಬಿಡಬೇಡಿ. ಆ ನಡುವೆ ಬೆಲೆ ಏರಿದಾಗ ನಿಮ್ಮಿಂದ ಹೆಚ್ಚು ವಸೂಲು ಮಾಡುವ ಷರತ್ತು ಫಾರ್ಮ್‌ನಲ್ಲಿ ಇದ್ದರೆ, ಇಳಿದಾಗ ಕಡಿಮೆ ಕೊಡುವ ಸಾಲನ್ನೂ ಅದರ ಪಕ್ಕದಲ್ಲೇ, ಮುಂಗಡ ಕಟ್ಟುವ ದಿನವೇ ಬರೆಸಿಕೊಳ್ಳಿ.