ಗೋಡೆಯ ಬಣ್ಣದ ಚಕ್ಕೆ ತಿನ್ನುವ ಮಗುವಿಗೆ ಸೀಸದ ವಿಷ ಏರಬಹುದೇ?

ಖಂಡಿತ ಏರಬಹುದು. ಬಸವನಗುಡಿ, ಮಲ್ಲೇಶ್ವರದಂಥ ಕಡೆ ಹಳೆಯ ಮನೆಯಲ್ಲಿದ್ದರೆ ಮೊದಲು ಕಿಟಕಿಯ ಸರಳು, ಬಾಗಿಲ ಚೌಕಟ್ಟಿನ ಎಣ್ಣೆಬಣ್ಣ ನೋಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ನಾನಂತೂ ನಂಬುವುದಿಲ್ಲ. ಅದನ್ನು ಉಪ್ಪುಕಾಗದದಿಂದ ಒಣಗಾಗಿ ಉಜ್ಜಲೇಬೇಡಿ, ಏಳುವ ಪುಡಿ ಚಕ್ಕೆಗಿಂತ ಅಪಾಯಕಾರಿ. ನೆಲ, ಕಿಟಕಿಯ ಅಂಚು ಒದ್ದೆ ಬಟ್ಟೆಯಿಂದ ಒರೆಸಿ.

ಹಳೆಯ ಬ್ಯಾಟರಿ ಒಡೆದು ಕರಗಿಸುವ ಜಾಗ, ಅಲ್ಲಿ ದುಡಿದವರ ಬಟ್ಟೆಯ ದೂಳು, ಹೊಳಪಿಗೆಂದು ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಬೆರೆಸಿದ ಅರಿಸಿನ ಕೂಡ ಮೂಲಗಳೇ.

ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸಿಡುಕು ಕಾಣಿಸಬಹುದು. ಆದರೆ ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಇರದೆ ಬುದ್ಧಿಶಕ್ತಿ, ಏಕಾಗ್ರತೆ ಕುಗ್ಗುತ್ತವೆ; ಆ ನಷ್ಟ ಮರಳಿ ತುಂಬುವುದಿಲ್ಲ. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದೆ ಅಥವಾ ಮೀರಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜಿಸಿತು. ಇದು ಒಂದು ಮನೆಯ ಸಂಕಟವಷ್ಟೇ ಅಲ್ಲ, ಇಡೀ ತಲೆಮಾರಿನ ಕಲಿಕೆಯ ಪ್ರಶ್ನೆ.

ತಡಮಾಡದೆ ಮಕ್ಕಳ ವೈದ್ಯರಲ್ಲಿ ರಕ್ತದ ಸೀಸದ ಪರೀಕ್ಷೆ ಕೇಳಿ. ಜೊತೆಗೆ ಕಬ್ಬಿಣಾಂಶವನ್ನೂ ನೋಡಿಸಿ: ಅದು ಕಡಿಮೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ.