ಉಪವಾಸ ಪ್ರಾರ್ಥನೆ ನಡೆಸುವವರಿಗೇ ಮಾತು ಬಾರದಾದಾಗ

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಲಾಗಿದೆ.)

ಸುಗುಣಮ್ಮ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ವಯಸ್ಸು ನಲವತ್ತರ ಆಸುಪಾಸು. ತಮ್ಮ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುವವರು ಇವರೇ. ಕಳೆದ ಮಳೆಗಾಲದಲ್ಲಿ ಅತ್ತೆ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗಾಗಿ ಇಡೀ ಸಭೆ ಒಬ್ಬರಾದ ಮೇಲೊಬ್ಬರಂತೆ ಸರಪಳಿ ಪ್ರಾರ್ಥನೆ ಮಾಡಿತ್ತು. ಮಣ್ಣು ಮಾಡಿ ಬಂದ ದಿನವೇ ಸಭೆಯ ಹಿರಿಯರೊಬ್ಬರು, "ನಿಮ್ಮ ಮನೇಲಿ ವಿಶ್ವಾಸ ಸಾಲದಾಯ್ತು ಸಿಸ್ಟರ್" ಅಂದರಂತೆ.

ನನ್ನ ಹತ್ತಿರ ಸಲಹೆಗೆ ಬಂದಾಗ ಸುಗುಣಮ್ಮ ಹೇಳಿದ್ದು: "ಮೇಡಂ, ಮೈಕ್ ಕೊಟ್ರೆ ಅರ್ಧ ಗಂಟೆ ಪ್ರಾರ್ಥಿಸ್ತೀನಿ. ಮನೇಲಿ ಮೊಣಕಾಲೂರಿದ್ರೆ ಒಂದು ಮಾತೂ ಬರಲ್ಲ. ಒಣಗಿ ಬಿಸಾಡಿದ ಕೊಂಬೆ ಅಂತಾರಲ್ಲ, ಅದು ನಾನೇ."

ಬೈಬಲಿನ ಯೋಹಾನ 15ನೇ ಅಧ್ಯಾಯವೇ ಅವರನ್ನು ಚುಚ್ಚುತ್ತಿತ್ತು. ನಾನು ಬಳ್ಳಿ, ನೀವು ಕೊಂಬೆಗಳು, ನನ್ನಲ್ಲಿ ನೆಲೆಗೊಳ್ಳದ ಕೊಂಬೆ ಬಿಸಾಡಲ್ಪಟ್ಟು ಒಣಗುತ್ತದೆ ಎಂದು ಯೇಸು ಹೇಳುವುದು ಅಲ್ಲಿಯೇ. ನಾನು ಮೊದಲು ಕೇಳಿದ್ದು ನಿದ್ದೆ, ಊಟದ ಬಗ್ಗೆ. ನಿದ್ದೆ ಕೆಟ್ಟಿತ್ತು. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದೆ. ವೈದ್ಯರನ್ನು ಕಾಣುವುದು ಅವಿಶ್ವಾಸವಲ್ಲ ಎಂಬುದನ್ನು ನರ್ಸ್‌ಗೂ ಬಿಡಿಸಿ ಹೇಳಬೇಕಾಯಿತು!

ಆಮೇಲೆ ವಾಕ್ಯಕ್ಕೆ ಬಂದೆವು. ಬಳ್ಳಿ, ಕೊಂಬೆಗಳ ಮಾತು ಹೇಳಿದ್ದು ಕಡೆಯ ಊಟದ ರಾತ್ರಿ, ಯೇಸುವನ್ನು ಹಿಡಿದುಕೊಡಲಿದ್ದ ಯೂದ ಎದ್ದುಹೋದ ಮೇಲೆ, ಉಳಿದ ಹನ್ನೊಂದು ಶಿಷ್ಯರಿಗೆ. "ನನ್ನಲ್ಲಿ ನೆಲೆಗೊಂಡಿರಿ" ಎಂದು ಕೇಳಿಸಿಕೊಂಡವರಲ್ಲೇ ಪೇತ್ರ, ಯಾಕೋಬ, ಯೋಹಾನರು ಅದೇ ರಾತ್ರಿ ಗೆತ್ಸೇಮನೆ ತೋಟದಲ್ಲಿ ಒಂದು ಗಳಿಗೆಯೂ ಎಚ್ಚರವಿರಲಾರದೆ ಮಲಗಿಬಿಟ್ಟರು. ದುಃಖದಿಂದ ನಿದ್ದೆ ಹತ್ತಿತ್ತು ಎನ್ನುತ್ತಾನೆ ಲೂಕ. ಅವರನ್ನು ಕಡಿದುಹಾಕಲಿಲ್ಲ. ಪೇತ್ರನ ನಂಬಿಕೆ ಕುಂದದಂತೆ ತಾವೇ ಬೇಡಿಕೊಂಡಿರುವುದಾಗಿ ಯೇಸುಸ್ವಾಮಿ ಅದಕ್ಕೂ ಮುಂಚೆಯೇ ಹೇಳಿದ್ದರು (ಲೂಕ 22:32).

ಸುಗುಣಮ್ಮ ಆ ವಚನವನ್ನು ಮತ್ತೊಮ್ಮೆ ಓದಿಸಿಕೊಂಡರು.

ಕೊಟ್ಟ ಸಲಹೆ ಇಷ್ಟು. ಒಂದು ತಿಂಗಳು ಶುಕ್ರವಾರದ ಮೈಕ್ ಬೇರೆಯವರಿಗೆ ಬಿಡಿ. ಹಿಂದಿನ ಸಾಲಲ್ಲಿ ಕೂತು, ನಿಮಗಾಗಿ ಇತರರು ಪ್ರಾರ್ಥಿಸಲಿ. ಒಬ್ಬರು ಚೆನ್ನಾಗಿ ಪ್ರಾರ್ಥಿಸಿ ಉಳಿದವರು ಆಮೆನ್ ಅಂದರೆ ಸಭೆ ಪ್ರಾರ್ಥನೆಯಲ್ಲಿ ಬೆಳೆದಂತಲ್ಲ ಎಂಬುದು ನನ್ನ ಹಳೆಯ ತಕರಾರು. ಇಂಥವರನ್ನು ದಣಿಸುವುದೂ ಆ ಪದ್ಧತಿಯೇ. ಮನೆಯಲ್ಲಿ 13ನೇ ಕೀರ್ತನೆಯನ್ನು ಜೋರಾಗಿ ಓದಿ. ಆರೇ ವಚನ. "ಇನ್ನೆಷ್ಟರವರೆಗೆ" ಎಂದು ದಾವೀದನೇ ದೇವರನ್ನು ಕೇಳುತ್ತಾನೆ. ಅದಕ್ಕೆ ನಿಮ್ಮ ಮಾತು ಸೇರಿಸಬೇಕಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದಾಗ ಅದೂ ಬೇಡ, ಮಲಗಿ.

ಮುಂದಿನ ಸಲ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಮಾತ್ರೆ ನಡೆದಿದೆ. ಶುಕ್ರವಾರ ಇಬ್ಬರು ಹುಡುಗಿಯರು ತಡವರಿಸುತ್ತಲೇ ಪ್ರಾರ್ಥನೆ ನಡೆಸಿದರಂತೆ. ಹಿರಿಯರು ಆಡಿದ ಮಾತನ್ನು ಪಾಸ್ಟರ್ ಅಯ್ಯನವರಿಗೆ ತಿಳಿಸಲು ಮಾತ್ರ ಸುಗುಣಮ್ಮ ಇನ್ನೂ ಒಪ್ಪಿಲ್ಲ. ನಾನೂ ಒತ್ತಾಯಿಸಿಲ್ಲ.